ಶ್ರಮವ್ಯಾಧಿ ಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಮೊದಲೇ ನಿರೂಪಿಸತಕ್ಕದ್ದೆಂಬುದು ಹಿರಿಯರ ಕಟ್ಟಳೆಯಾದುದರಿಂದಲೂ, ಆ ಕಟ್ಟಳೆಯನ್ನು ಮುರಿದು ಸಮರ್ಥಿಸಿಕೊಳ್ಳುವ ಶ್ರಮಕ್ಕಿಂತ ಅದನ್ನು ಪಾಲಿಸುವ ಶ್ರಮವೇ ಕಡಮೆಯಾದುದರಿಂದಲೂ, ಅವನ್ನು ಇಲ್ಲಿ ನಿವೇದಿಸುತ್ತೇನೆ. ವಿಷಯ: ಮೈ ದಣಿಸುವುದರಿಂದ ಮನುಷ್ಯನಿಗೆ ಒದಗುವ ರೋಗಗಳು ಮತ್ತು ಅವುಗಳ ಚಿಹ್ನೆಗಳು. ಪ್ರಯೋಜನ: ಬೆಳಗಿನ ಜಾವ ಬಾಗಿಲು ತಟ್ಟಿ ವಾಕಿಂಗಿಗೆ ಕರೆಯುವ ಮಿತ್ರರಿಗೆ ಹಾಸಿಗೆಯಿಂದೇಳದೆಯೇ ಕೊಡಬಹುದಾದ ಸಪ್ರಮಾಣವಾದ ಉತ್ತರ. ಸಂಬಂಧ: ಶ್ರಮಕ್ಕೂ ರೋಗಕ್ಕೂ ಇರುವ ಕಾರ್ಯಕಾರಣಭಾವ; ಶ್ರಮಕ್ಕೂ ಗ್ರಂಥಕರ್ತನಿಗೂ ಯಾವ ಸಂಬಂಧವೂ ಇಲ್ಲವಾದುದರಿಂದ ಅವನ ನಿಷ್ಪಕ್ಷಪಾತವನ್ನು ಯಾರೂ ಶಂಕಿಸಬೇಕಾಗಿಲ್ಲ. ಅಧಿಕಾರಿ: ಕುಳಿತಿರುವವನು. ಮಲಗಿ ಓದುವವರು ಉತ್ತಮಾಧಿಕಾರಿಗಳು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಓದುವವರಿಗೆ ಈ ಶಾಸ್ತ್ರದಲ್ಲಿ ಅನುಕಂಪವುಂಟೇ ಹೊರತು ಅಧಿಕಾರವಿಲ್ಲ.

ಮೊದಲು ಲಕ್ಷಣ. ಬೆವರು ತರಿಸುವುದೇ ಶ್ರಮವೆಂಬುದು ಲೋಕರೂಢಿಯಾದರೂ ಆ ಲಕ್ಷಣದಲ್ಲಿ ಅತಿವ್ಯಾಪ್ತಿ ದೋಷವಿದೆ. ಏಕೆಂದರೆ ವೈಶಂಪಾಯನ ಸರೋವರದ ತಣ್ಣೀರಿನೊಳಗೆ ಕೈಕಾಲಾಡಿಸದೆ ಅಡಗಿದ್ದ ದುರ್ಯೋಧನನಿಗೂ, ದಡದ ಮೇಲಿನ ಭೀಮನ ಆರ್ಭಟ ಕಿವಿಗೆ ಬಿದ್ದ ಮಾತ್ರದಿಂದ ಬೆವರಿಳಿಯಿತೆಂಬುದನ್ನು ರನ್ನನನ್ನು ಓದಿದ ಕನ್ನಡಿಗರಾರೂ ಮರೆಯಲಾರರು. ಏದುಸಿರು ತರಿಸುವುದೇ ಶ್ರಮವೆನ್ನೋಣವೆಂದರೆ, ಒಗ್ಗರಣೆಗೆ ಬಿದ್ದ ಗುಂಟೂರು ಮೆಣಸಿನಕಾಯಿಯ ಘಾಟು ಜಗಲಿಯ ಮೇಲೆ ಪತ್ರಿಕೆ ಓದುತ್ತ ಕುಳಿತ ಯಜಮಾನನಿಗೂ ಆ ಅವಸ್ಥೆಯನ್ನು ತಂದೊಡ್ಡುತ್ತದೆ. ಎದೆ ಹೊಡೆದುಕೊಳ್ಳುವುದೆಂದರೆ, ಮದುವೆಯ ಮಾತುಕತೆಯ ನಡುವೆ ಬೀಗರು ಒಮ್ಮೆ ಗಂಟಲು ಸರಿಮಾಡಿಕೊಂಡರೂ ಸಾಕು, ಹೆಣ್ಣು ಹೆತ್ತವನ ಎದೆ ಹೊಡೆದುಕೊಳ್ಳುತ್ತದೆ. ಆದುದರಿಂದ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳನ್ನೂ ಪರಿಹರಿಸಿ ಹೀಗೆ ನಿರ್ವಚಿಸುತ್ತೇವೆ: ಯಾವ ಚಲನೆಯನ್ನು ಮನಸ್ಸು ಮರೆತ ಮೇಲೆಯೂ ಮೈ ಮರೆಯದೋ ಅದು ಶ್ರಮ. ಈ ನಿರ್ವಚನದ ಸಾರಸ್ಯ ಮುಂದೆ, ಬೆಟ್ಟದ ಪ್ರಕರಣದಲ್ಲಿ, ವಿಶದವಾಗುವುದು.

ಇನ್ನು ಪ್ರಮಾಣಗಳು. ಶಬ್ದಪ್ರಮಾಣಕ್ಕೆ ಚರಕನೇ ಸಾಕು. ಅತಿವ್ಯಾಯಾಮದಿಂದ ಶ್ರಮ, ಕ್ಲಮ, ಕ್ಷಯ, ತೃಷ್ಣೆ, ರಕ್ತಪಿತ್ತ, ಪ್ರತಮಕ ಶ್ವಾಸ, ಕಾಸ, ಜ್ವರ, ಛರ್ದಿಗಳು ಉಂಟಾಗುವುವೆಂದು ಆ ಮಹರ್ಷಿ ಒಂದೇ ಉಸಿರಿನಲ್ಲಿ ಪಟ್ಟಿ ಕೊಟ್ಟಿದ್ದಾನೆ. ಆ ಪಟ್ಟಿಯನ್ನು ಅವನು ಹೇಳಿದ್ದು ಕುಳಿತು ಎಂಬುದರಿಂದಲೇ ಒಂದೇ ಉಸಿರು ಸಾಧ್ಯವಾಯಿತೆಂದು ಊಹಿಸಬಹುದು. ಅದೇ ಅಧ್ಯಾಯದಲ್ಲಿ ವ್ಯಾಯಾಮದಿಂದ ಲಾಘವ, ಕರ್ಮಸಾಮರ್ಥ್ಯ, ಸ್ಥೈರ್ಯ ಮೊದಲಾದ ಗುಣಗಳೂ ಉಂಟಾಗುವುವೆಂದು ಹೇಳಿರುವುದನ್ನು ಕೆಲವರು ಎತ್ತಿ ತೋರಿಸುತ್ತಾರೆ. ಪ್ರಕೃತಕ್ಕೆ ಅನುಪಯುಕ್ತವಾದುದರಿಂದ ನಾವು ಅದನ್ನು ಎತ್ತುವುದಿಲ್ಲ. ಎತ್ತುವುದೂ ಒಂದು ಶ್ರಮ. ವಾಗ್ಭಟನಾದರೋ, ಅತಿಯಾಗಿ ದಣಿಯುವವನು ಆನೆಯನ್ನು ಎಳೆದೊಯ್ಯಲು ಹೋದ ಸಿಂಹದಂತೆ ನಾಶವಾಗುತ್ತಾನೆಂದು ಎಚ್ಚರಿಸಿ, ಬಲಶಾಲಿಯಾದವನೂ ಅರ್ಧಶಕ್ತಿಯಷ್ಟು ಮಾತ್ರ, ಅದೂ ಚಳಿಗಾಲ ಮತ್ತು ವಸಂತದಲ್ಲಿ, ವ್ಯಾಯಾಮ ಮಾಡತಕ್ಕದ್ದೆಂದು ವಿಧಿಸಿದನು. ಇಲ್ಲಿ ಒಂದು ಸೂಕ್ಷ್ಮವಿದೆ. ಅರ್ಧಶಕ್ತಿಯೆಷ್ಟೆಂದು ತಿಳಿಯಬೇಕಾದರೆ ಪೂರ್ಣಶಕ್ತಿಯೆಷ್ಟೆಂದು ಮೊದಲು ತಿಳಿದಿರಬೇಕು. ಪೂರ್ಣಶಕ್ತಿಯನ್ನು ತಿಳಿಯಬೇಕಾದರೆ ಪೂರ್ಣವಾಗಿ ದಣಿಯಬೇಕು. ಪೂರ್ಣವಾಗಿ ದಣಿಯುವುದನ್ನು ಆಚಾರ್ಯರೇ ನಿಷೇಧಿಸಿದ್ದಾರೆ. ಆದುದರಿಂದ ಉಭಯಸಂಕಟಕ್ಕೆ ಸಿಕ್ಕಿಕೊಳ್ಳದೆ ಶಾಸ್ತ್ರವನ್ನು ಪಾಲಿಸುವ ಮಾರ್ಗವೆಂದರೆ ಆರಂಭಿಸದಿರುವುದೊಂದೇ. ಹೃದಯದಲ್ಲಿರುವ ವಾಯು ಬಾಯಿಗೆ ಬರುವುದೇ ಅರ್ಧಶಕ್ತಿಯ ಗುರುತೆಂದು ಸುಶ್ರುತನು ಈ ಕಗ್ಗಂಟನ್ನು ಬಿಡಿಸಲು ಯತ್ನಿಸಿರುವುದುಂಟು. ಆದರೆ ನಮ್ಮಲ್ಲಿ ಅನೇಕರಿಗೆ ಮಂಚದಿಂದ ಇಳಿದು ಕೆರ ಹುಡುಕುವಷ್ಟರಲ್ಲೇ ವಾಯು ಬಾಯಿಗೆ ಬಂದಿರುವುದರಿಂದ ಸಿದ್ಧಾಂತಕ್ಕೆ ಹಾನಿಯಿಲ್ಲ.

ಅನುಮಾನ ಪ್ರಮಾಣದ ವಿಚಾರ ಇನ್ನೂ ಸ್ವಾರಸ್ಯವಾದುದು. ಪರ್ವತದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ನಿಶ್ಚಯಿಸುವ ನೈಯಾಯಿಕರ ಉದಾಹರಣೆ ತರ್ಕವನ್ನು ನಾಲ್ಕು ದಿನ ಓದಿದವನಿಗೂ ಗೊತ್ತು. ಆದರೆ ಬೆಂಕಿಯುಂಟೋ ಇಲ್ಲವೋ ಎಂಬುದನ್ನು ಆ ಪರ್ವತವನ್ನು ಹತ್ತಿಯೇ ನೋಡಿಬರಬಹುದಾಗಿತ್ತಲ್ಲ ಎಂದು ಇಷ್ಟು ಶತಮಾನಗಳಲ್ಲಿ ಯಾವ ಶಿಷ್ಯನೂ ಗುರುವನ್ನು ಕೇಳಿದಂತೆ ಕಾಣುವುದಿಲ್ಲ. ಹತ್ತಿದರೆ ಏನಾಗುವುದೆಂದು ಗುರುಶಿಷ್ಯರಿಬ್ಬರಿಗೂ ಗೊತ್ತಿತ್ತು. ಪ್ರತ್ಯಕ್ಷವೊಂದೇ ಸಾಕಾಗಿದ್ದ ಜಗತ್ತಿನಲ್ಲಿ ಅನುಮಾನವೆಂಬ ಎರಡನೆಯ ಪ್ರಮಾಣ ಹುಟ್ಟಿದುದಕ್ಕೆ ಮನುಷ್ಯನ ಮೊಣಕಾಲೇ ಮೂಲಕಾರಣವೆಂಬುದು ನನ್ನ ವಿನಮ್ರವಾದ ಅಭಿಪ್ರಾಯ.

ಪರ್ವತವನ್ನು ಹತ್ತಿಯೇ ತೀರುತ್ತೇವೆಂದು ಹಟ ಹಿಡಿಯುವವರಿಗಾಗಿ ಮೈಸೂರಿನಲ್ಲಿ ಚಾಮುಂಡಿಬೆಟ್ಟವಿದೆ. 17ನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಅದರ ಸಾವಿರ ಮೆಟ್ಟಿಲುಗಳು ಶ್ರಮವ್ಯಾಧಿಯ ವಿದ್ಯಾರ್ಥಿಗೆ ಪಾಠಶಾಲೆಯಾಗಿವೆ. ಮೊದಲ ನೂರು ಮೆಟ್ಟಿಲಿನೊಳಗೆ ರಾಜಕೀಯದ ಚರ್ಚೆ ನಿಲ್ಲುತ್ತದೆ, ಇದನ್ನು ವಾಕ್‌ಸ್ತಂಭವೆನ್ನಬಹುದು. ಅನಂತರ ಪಕ್ಕೆ ಹಿಡಿಯುತ್ತದೆ. ಪಕ್ಕೆಲುಬಿನ ಕೆಳಗೆ ಸೂಜಿಯಿಂದ ಚುಚ್ಚಿದಂತಾಗುವ ಈ ನೋವಿಗೆ ವಪೆಯ ಸೆಡೆತವೇ ಕಾರಣವೆಂದು ಕೆಲವರೂ, ಉದರದ ಒಳಪೊರೆಯ ಉಜ್ಜಾಟವೇ ಕಾರಣವೆಂದು ಮತ್ತೆ ಕೆಲವರೂ ವಾದಿಸುತ್ತ ವೈದ್ಯಪಂಡಿತರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಸ್ವತಃ ಪಕ್ಕೆ ಹಿಡಿದವನು ಚರ್ಚೆಯಲ್ಲಿ ಭಾಗವಹಿಸಲಾರನಾದುದರಿಂದ ಈ ವಿವಾದ ಇತ್ಯರ್ಥವಾಗುವ ಸಂಭವವೂ ಕಡಮೆ. ಮುಂದೆ ಮೀನಖಂಡದಲ್ಲಿ ಗೆಣ್ಣು ಕಟ್ಟುತ್ತದೆ, ಬಾಯಾರುತ್ತದೆ, ಅಕಸ್ಮಾತ್ತಾಗಿ ಪ್ರಕೃತಿ ಸೌಂದರ್ಯದಲ್ಲಿ ಆಸಕ್ತಿ ಹುಟ್ಟಿ ನಿಂತು ನೋಡಬೇಕೆನಿಸುತ್ತದೆ. ಏಳುನೂರನೆಯ ಮೆಟ್ಟಿಲಿನ ಸುಮಾರಿಗೆ ಏಕಶಿಲೆಯ ಮಹಾನಂದಿ ಕುಳಿತಿರುವುದನ್ನು ಎಲ್ಲರೂ ಕಂಡಿದ್ದಾರೆ, ಅದರ ಪ್ರಾಮಾಣ್ಯವನ್ನು ಗ್ರಹಿಸಿದವರು ವಿರಳ. ಪರಮೇಶ್ವರನನ್ನು ಹೊತ್ತು ಕೈಲಾಸವನ್ನೇ ಹತ್ತಿಳಿಯುವ ವೃಷಭರಾಜನು ಇಲ್ಲಿ ಏಳುನೂರಕ್ಕೇ ಕಾಲು ಮಡಿಸಿ ಕುಳಿತವನು ಮುನ್ನೂರು ವರ್ಷಗಳು ಕಳೆದರೂ ಎದ್ದಿಲ್ಲವೆಂದ ಮೇಲೆ, ಗುಮಾಸ್ತೆಗಿರಿ ಮಾಡುವ ಮನುಷ್ಯನ ಪಾಡನ್ನು ಕುರಿತು ಹೇಳುವುದೇನಿದೆ?

ಇದೇ ಮೆಟ್ಟಿಲುಗಳ ಮೇಲೆ ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಾಗಿ ಅರಿಸಿನ ಕುಂಕುಮವಿಡುತ್ತ, ಹೀಗೆ ಸಾವಿರ ಸಲ ಬಾಗಿ ಸಾವಿರ ಸಲ ಎದ್ದು, ಮೇಲೆ ಹೋಗಿ ದೇವಿಯ ದರ್ಶನಕ್ಕೆ ಸಾಲಿನಲ್ಲಿ ನಿಲ್ಲುತ್ತಾರಲ್ಲ, ಅವರಿಗೇಕೆ ಪಕ್ಕೆ ಹಿಡಿಯುವುದಿಲ್ಲವೆಂದು ಕುತರ್ಕಿಯೊಬ್ಬನು ಕೇಳಬಹುದು. ಹಿಡಿಯುವುದಿಲ್ಲವೆಂದು ಯಾರು ಹೇಳಿದರು? ಅವರನ್ನು ಯಾರೂ ಕೇಳಿಲ್ಲ, ಅಷ್ಟೇ. ಈ ವಿಚಾರಕ್ಕೆ ಮತ್ತೆ ಬರುತ್ತೇನೆ.

ಹತ್ತುವುದರ ದುಃಖ ಹತ್ತುವಾಗಲೇ ತೀರುತ್ತದೆ. ಇಳಿಯುವುದರ ದುಃಖ ಮಾರನೆಯ ದಿನ ಆರಂಭವಾಗುತ್ತದೆ. ಈ ತಡವಾದ ನೋವನ್ನು 1902ರಲ್ಲಿ ಥಿಯೋಡೋರ್ ಹಫ್ ಎಂಬ ಅಮೆರಿಕದ ಶರೀರಶಾಸ್ತ್ರಜ್ಞನು ವಿಚಾರಿಸಿ, ದಣಿದ ಕೂಡಲೇ ಆಗುವ ನೋವು ಬೇರೆ, ಮರುದಿನ ತಲೆಯೆತ್ತುವ ನೋವು ಬೇರೆ, ಎರಡನೆಯದು ಸ್ನಾಯುವಿನೊಳಗೆ ಉಂಟಾಗುವ ಹರಕಿನಿಂದ ಬರತಕ್ಕದ್ದೆಂದು ತರ್ಕಿಸಿದನು. ಅನಂತರ ಬಹುಕಾಲ ಲ್ಯಾಕ್ಟಿಕ್ ಆಮ್ಲವೆಂಬ ಬಡಪಾಯಿಯ ಮೇಲೆ ಈ ಅಪರಾಧವನ್ನು ಹೊರಿಸಲಾಗಿತ್ತು; ಅದು ದಣಿವು ನಿಂತ ಒಂದೆರಡು ಗಂಟೆಯೊಳಗೇ ರಕ್ತದಿಂದ ತೊಲಗಿಹೋಗುತ್ತದೆಂಬುದು ಗೊತ್ತಾದ ಮೇಲೂ ವ್ಯಾಯಾಮಶಾಲೆಗಳಲ್ಲಿ ಅದಕ್ಕೆ ಬಿಡುಗಡೆ ದೊರೆತಿಲ್ಲ. ನಿಜವಾದ ಕಾರಣವೆಂದರೆ, ಇಳಿಯುವಾಗ ತೊಡೆಯ ಸ್ನಾಯು ಮೈಭಾರವನ್ನು ತಡೆಹಿಡಿಯಲು ಬಿಗಿಯುತ್ತಿರುವಾಗಲೇ ಉದ್ದಕ್ಕೆ ಎಳೆಯಲ್ಪಟ್ಟು, ಅದರ ಸೂಕ್ಷ್ಮತಂತುಗಳು ಅಲ್ಲಲ್ಲಿ ಹರಿಯುವುದು. ಈ ನೋವು ಒಂದು ದಿನದಿಂದ ಮೂರು ದಿನದೊಳಗೆ ಪರಾಕಾಷ್ಠೆಗೆ ಏರುತ್ತದೆ. ಭಾನುವಾರ ಬೆಟ್ಟವನ್ನಿಳಿದವನು ಸೋಮವಾರ ಕುಂಟುತ್ತಾನೆ, ಮಂಗಳವಾರ ಕಕ್ಕಸಿನಲ್ಲಿ ಕುಳಿತು ಏಳಲಾರದೆ ಗೋಡೆ ಹಿಡಿದು ಕುಲದೇವತೆಯನ್ನು ಸ್ಮರಿಸುತ್ತಾನೆ. ಪೂರ್ವಕರ್ಮದ ಫಲ ಕಾಲಾಂತರದಲ್ಲಿ, ಕರ್ತನೇ ಮರೆತಿರುವಾಗ, ತಪ್ಪದೆ ಒದಗುವುದೆಂಬ ನಮ್ಮ ಕರ್ಮಸಿದ್ಧಾಂತಕ್ಕೆ ಶರೀರಶಾಸ್ತ್ರದಲ್ಲಿ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ದೊರೆಯದು. ಆದರೆ ಒಂದು ಬಾಧಕವಿದೆ: ಒಮ್ಮೆ ಅನುಭವಿಸಿದವನು ಕೆಲವು ವಾರಗಳೊಳಗೆ ಮತ್ತೆ ಇಳಿದರೆ ನೋವು ಬಹಳ ಕಡಮೆಯಾಗಿರುತ್ತದೆ. ಈ ಸಂಗತಿ ನಮ್ಮ ಪಕ್ಷಕ್ಕೆ ಪ್ರತಿಕೂಲವಾದುದರಿಂದ ಇದನ್ನು ಹೆಚ್ಚು ಪ್ರಚಾರಪಡಿಸಕೂಡದು.

ಈಗ ನಾಮಪ್ರಕರಣ. ಇದೇ ಈ ಗ್ರಂಥದ ಹೃದಯ. ಪಾಶ್ಚಾತ್ಯ ವೈದ್ಯರು ಶ್ರಮವ್ಯಾಧಿಗಳಿಗೆ ಹೆಸರಿಡುವುದರಲ್ಲಿ ತೋರಿಸಿರುವ ಔದಾರ್ಯವನ್ನು ನೋಡಿದರೆ ನಾಮಕರಣದ ಪುರೋಹಿತರೂ ನಾಚಬೇಕು. ಅಮೆರಿಕದ ಅಂತರ್ಯುದ್ಧದಲ್ಲಿ ಎದೆನಡುಕ, ಏದುಸಿರು, ಆಯಾಸಗಳಿಂದ ಬಳಲಿದ ಸೈನಿಕರನ್ನು ಪರೀಕ್ಷಿಸಿದ ಡಾ ಕೋಸ್ಟಾ ಎಂಬ ವೈದ್ಯನು 1871ರಲ್ಲಿ ಅದನ್ನು ಕೆರಳುವ ಹೃದಯವೆಂದು ಕರೆದನು. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಥಾಮಸ್ ಲೂಯಿಸ್ ಎಂಬ ಹೃದಯವೈದ್ಯನು ಅದನ್ನೇ ಪ್ರಯಾಸದ ಲಕ್ಷಣಕೂಟವೆಂದನು. ಹೃದಯದಲ್ಲಿ ಕಣ್ಣಿಗೆ ಕಾಣುವ ದೋಷವಾವುದೂ ಇರಲಿಲ್ಲ. ಹೆಸರು ಮಾತ್ರ ಬೆಳೆಯುತ್ತ ಹೋಯಿತು. 1881ರಲ್ಲಿ ಜರ್ಮನ್ ಸೈನಿಕನೊಬ್ಬನಿಗೆ ಕವಾಯತು ನಡಿಗೆಯಾದ ಮೇಲೆ ಮೂತ್ರ ಕಪ್ಪಾಗುವುದನ್ನು ಫ್ಲೈಷರ್ ಎಂಬ ವೈದ್ಯನು ವರದಿ ಮಾಡಿದನು. ಗಟ್ಟಿನೆಲದ ಮೇಲೆ ಅಂಗಾಲು ಅಪ್ಪಳಿಸುವಾಗ ರಕ್ತಕಣಗಳು ಒಡೆಯುವುದರಿಂದ ಆಗುವ ಆ ವಿಕಾರಕ್ಕೆ ಸೈನ್ಯದ ನಡಿಗೆಯ ಹೆಸರೇ ನಿಂತಿತು. 1883ರಲ್ಲಿ ಲಾನ್ ಟೆನ್ನಿಸ್ ಆಡುವವರ ತೋಳಿಗೆ ವೈದ್ಯಪತ್ರಿಕೆಗಳಲ್ಲಿ ಸ್ಥಾನ ದೊರೆಯಿತು, ಟೆನ್ನಿಸ್ ಮೊಣಕೈ ಲೋಕವಿಖ್ಯಾತವಾಯಿತು.

ಎಲ್ಲಕ್ಕೂ ಕಿರೀಟಪ್ರಾಯವಾದುದು ಬೈಸಿಕಲ್ ಮುಖ. 1890ರ ದಶಕದಲ್ಲಿ ಇಂಗ್ಲೆಂಡ್ ಅಮೆರಿಕಗಳಲ್ಲಿ ಹೆಂಗಸರು ಬೈಸಿಕಲ್ಲನ್ನೇರಿ ಯಾರ ಅಪ್ಪಣೆಯನ್ನೂ ಕೇಳದೆ ಊರ ಹೊರಗಿನವರೆಗೆ ಹೋಗಿಬರತೊಡಗಿದಾಗ, ಅವರ ಮುಖದಲ್ಲಿ ಒಂದು ಹೊಸ ರೋಗ ಕಾಣಿಸಿಕೊಂಡಿತು. ಕಣ್ಣು ಉಬ್ಬುವುದು, ದವಡೆ ಬಿಗಿಯುವುದು, ತುಟಿ ಸೆಳೆದುಕೊಳ್ಳುವುದು, ಬಣ್ಣ ಕೆಂಪೇರುವುದು, ಅಥವಾ ಕೆಲವರು ಹೇಳಿದಂತೆ ಬಿಳಿಚಿಕೊಳ್ಳುವುದು. ಈ ಹೆಸರನ್ನು ಕೊಟ್ಟವನು ತಾನೆಂದು ಹೇಳಿಕೊಂಡ ಬ್ರಿಟಿಷ್ ವೈದ್ಯ ಆರ್ಥರ್ ಶ್ಯಾಡ್‌ವೆಲ್ 1897ರಲ್ಲಿ ಬೈಸಿಕಲ್ಲಿನ ಗುಪ್ತ ಅಪಾಯಗಳನ್ನು ಕುರಿತು ಗಂಭೀರವಾದ ಲೇಖನವನ್ನೇ ಬರೆದು, ಸಮತೋಲವನ್ನು ಕಾಪಾಡಿಕೊಳ್ಳುವ ಎಡೆಬಿಡದ ಪ್ರಯಾಸವೇ ಇದಕ್ಕೆ ಕಾರಣವೆಂದನು. ಅದೇ ವರ್ಷ ಷಿಕಾಗೋದ ವೈದ್ಯೆ ಸಾರಾ ಹ್ಯಾಕೆಟ್ ಸ್ಟೀವನ್‌ಸನ್, ಆ ಕಳವಳದ ಮುಖ ಹೊಸದಾಗಿ ಕಲಿಯುವವರದು ಮಾತ್ರ, ಕಲಿತ ಮೇಲೆ ಹೋಗುತ್ತದೆ ಎಂದು ಹೇಳಿ ರೋಗದ ತಳಹದಿಯನ್ನೇ ಅಲುಗಿಸಿದಳು. ಕ್ರಮೇಣ ರೋಗ ತಾನಾಗಿಯೇ ಗುಣವಾಯಿತು. ರೋಗಿಗಳು ಬೈಸಿಕಲ್ ಬಿಟ್ಟುದರಿಂದಲ್ಲ, ನೋಡುವವರಿಗೆ ಅಭ್ಯಾಸವಾದುದರಿಂದ.

ಈ ಸಾಮಗ್ರಿಯನ್ನೆಲ್ಲ ಕ್ರೋಡೀಕರಿಸಿ ವಿಮರ್ಶಿಸಿದಾಗ ಶ್ರಮವ್ಯಾಧಿಯ ಮೂಲಸೂತ್ರ ಹೊಳೆಯುತ್ತದೆ: ವ್ಯಾಧಿಯು ಶ್ರಮದ ಪ್ರಮಾಣವನ್ನು ಅನುಸರಿಸುವುದಿಲ್ಲ, ಶ್ರಮಿಸುವವನ ವಿರಾಮದ ಪ್ರಮಾಣವನ್ನು ಅನುಸರಿಸುತ್ತದೆ. ವಾರಕ್ಕೊಮ್ಮೆ ಚೆಂಡು ಹೊಡೆಯುವವನ ಮೊಣಕೈಗೆ ಹೆಸರುಂಟು. ದಿನವೂ ಗಾರೆ ಬಳಿಯುವವನಿಗೂ, ಒರಳಿನಲ್ಲಿ ರುಬ್ಬುವವಳಿಗೂ, ಬಂಡೆಗೆ ಬಟ್ಟೆ ಬಡಿದು ಹಿಂಡುವವಳಿಗೂ ಅದೇ ಮೊಣಕೈಯಲ್ಲಿ ಅದೇ ನೋವು ಬಂದರೆ, ವೈದ್ಯನು ಅದನ್ನು ಟೆನ್ನಿಸ್ ಮೊಣಕೈ ಎಂದೇ ಬರೆದುಕೊಳ್ಳುತ್ತಾನೆ. ರ‍್ಯಾಕೆಟ್ಟನ್ನು ಕಣ್ಣಿನಲ್ಲಿ ನೋಡದವಳಿಗೆ ಆ ಗೌರವ ಪುಕ್ಕಟೆಯಾಗಿ ಸಲ್ಲುತ್ತದೆ. ಬೈಸಿಕಲ್ ತುಳಿಯುವವರ ಬೆನ್ನು ಬಾಗಿದುದನ್ನು ಕಂಡು ಬೈಸಿಕಲ್ ಗೂನು ಎಂದು ಬೆದರಿದವರಿದ್ದರು. ಮಂಡ್ಯದ ಗದ್ದೆಗಳಲ್ಲಿ ಸೊಂಟ ಮಡಿಸಿ, ಕೆಸರಿನಲ್ಲಿ ಹಿಂದುಹಿಂದಕ್ಕೆ ನಡೆಯುತ್ತ, ಸಂಜೆಯವರೆಗೆ ನಾಟಿ ಹಾಕುವವಳ ಬೆನ್ನಿಗೆ ಯಾವ ವೈದ್ಯನೂ ನಾಮಕರಣ ಮಾಡಲಿಲ್ಲ. ಅವಳಿಗೆ ಬರುವುದು ‘ಸೊಂಟನೋವು’. ಮೂಟೆ ಹೊರುವ ಹಮಾಲಿಗೆ ಬರುವುದು ‘ಸುಸ್ತು’. ಇವು ರೋಗಗಳಲ್ಲ, ಮಾತಿನ ವಾಡಿಕೆಗಳು. ಹೆಸರಿಲ್ಲದುದರಿಂದ ರೋಗವಿಲ್ಲ, ರೋಗವಿಲ್ಲದುದರಿಂದ ರಜೆಯಿಲ್ಲ, ರಜೆಯಿಲ್ಲದುದರಿಂದ ವಿಶ್ರಾಂತಿ ಪಡೆದು ನೋವನ್ನು ಗಮನಿಸುವ ಅವಕಾಶವಿಲ್ಲ. ಹೀಗೆ ನಮ್ಮ ಸೂತ್ರ ಎಲ್ಲ ಕಡೆಯಿಂದಲೂ ಭದ್ರವಾಗಿದೆ. ನೆಲ ತಿಕ್ಕುವವಳ ಮೊಣಕಾಲಿನ ಬಾವಿಗೆ ಇಂಗ್ಲಿಷಿನವರು ಮನೆಗೆಲಸದವಳ ಮಂಡಿಯೆಂದು ಹೆಸರಿಟ್ಟಿರುವುದು ಅಪವಾದವಲ್ಲವೇ ಎಂದರೆ, ಅಲ್ಲ. ಮಂಡಿ ಊದಿದರೆ ಯಜಮಾನನ ನೆಲ ಕೊಳೆಯಾಗುತ್ತದೆ. 1700ರಲ್ಲಿ ಇಟಲಿಯ ರಾಮಾಝೀನಿ ಎಂಬ ಪ್ರಾಧ್ಯಾಪಕನು ಕಸುಬುದಾರರ ರೋಗಗಳ ಮೇಲೊಂದು ಗ್ರಂಥವನ್ನೇ ರಚಿಸಿ, ಹಮಾಲಿಗಳ, ಓಟಗಾರರ ನೋವುಗಳನ್ನು ಬರೆದಿಟ್ಟು, ರೋಗಿಯ ಬಳಿ ಕುಳಿತ ವೈದ್ಯನು ‘ನಿನ್ನ ಕಸುಬೇನು?’ ಎಂಬ ಒಂದು ಪ್ರಶ್ನೆಯನ್ನೂ ಕೇಳತಕ್ಕದ್ದೆಂದು ಸೇರಿಸಿದನು. ಆ ಪ್ರಶ್ನೆಯನ್ನು ಎಲ್ಲರೂ ಕೇಳತೊಡಗಿದರೆ ಈ ಪ್ರಕರಣದ ಹೆಸರುಗಳನ್ನೆಲ್ಲ ಮೊದಲಿನಿಂದ ತಿದ್ದಬೇಕಾಗುತ್ತದೆ. ಅಷ್ಟು ಶ್ರಮವನ್ನು ಈ ಗ್ರಂಥ ತಾಳಲಾರದು.

ಇನ್ನು ಪೂರ್ವಪಕ್ಷ. 1867ರಲ್ಲಿ ಸ್ಕೀ ಎಂಬ ಲಂಡನ್ನಿನ ಶಸ್ತ್ರವೈದ್ಯನು, ಆಕ್ಸ್‌ಫರ್ಡ್ ಕೇಂಬ್ರಿಜ್‌ಗಳ ದೋಣಿ ಪಂದ್ಯ ತರುಣರ ಆಯುಸ್ಸನ್ನು ಕೆಡಿಸುತ್ತಿದೆಯೆಂದು ಟೈಮ್ಸ್ ಪತ್ರಿಕೆಗೆ ಬರೆದು ನಮ್ಮ ಪಕ್ಷಕ್ಕೆ ಮಹೋಪಕಾರ ಮಾಡಿದ್ದನು. ಆದರೆ ಮಾರ್ಗನ್ ಎಂಬ ವೈದ್ಯನು 1829ರಿಂದ 1869ರವರೆಗೆ ಹುಟ್ಟು ಹಾಕಿದವರನ್ನೆಲ್ಲ ಹುಡುಕಿ ವಿಚಾರಿಸಿ, ಅವರು ಆಯುರ್ವಿಮೆಯ ಲೆಕ್ಕಕ್ಕಿಂತ ಸುಮಾರು ಎರಡು ವರ್ಷ ಹೆಚ್ಚಾಗಿಯೇ ಬಾಳುವರೆಂದು 1873ರಲ್ಲಿ ಪ್ರಕಟಿಸಿಬಿಟ್ಟನು. ಅಸ್ತು. ಆ ಎರಡು ವರ್ಷಗಳಿಂದ, ಅವರು ಚಳಿಯಲ್ಲಿ ಎದ್ದು ನದಿಯ ಮೇಲೆ ಕಳೆದ ಮುಂಜಾವುಗಳನ್ನೆಲ್ಲ ವಜಾ ಮಾಡಿದರೆ ಉಳಿಯುವ ಲಾಭವೆಷ್ಟೆಂದು ಮಾರ್ಗನ್ ಹೇಳಿಲ್ಲ. ನಮ್ಮವರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರು ದಿನಚರಿಯ ಶಿಸ್ತಿಗೂ ನಡಿಗೆಗೂ ಹೆಸರಾಗಿ, ನೂರು ದಾಟಿ, 1962ರವರೆಗೆ ಬಾಳಲಿಲ್ಲವೇ ಎಂದು ಕೇಳುವವರೂ ಉಂಟು. ಕುಳಿತೇ ಇದ್ದಿದ್ದರೆ ಅವರು ಇನ್ನೆಷ್ಟು ಬಾಳುತ್ತಿದ್ದರೆಂಬುದಕ್ಕೆ ಪ್ರಮಾಣವಿಲ್ಲ. ಕನ್ನಂಬಾಡಿ ಕಟ್ಟೆ ಮಾತ್ರ ಇರುತ್ತಿರಲಿಲ್ಲ. ಆ ಒಂದು ನಷ್ಟವನ್ನು ಈ ಶಾಸ್ತ್ರ ಒಪ್ಪಿಕೊಳ್ಳುತ್ತದೆ.

ಕಡೆಯದಾಗಿ ವೇಗನಿರ್ಣಯ. ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರ್ ಎಂದು ನಿಂತುದು ಹೇಗೆಂದು ಅನೇಕರಿಗೆ ತಿಳಿಯದು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಟ ವಿಂಡ್ಸರ್ ಅರಮನೆಯ ಬಳಿ ಆರಂಭವಾಗಿ ಕ್ರೀಡಾಂಗಣದಲ್ಲಿ ರಾಜಪರಿವಾರದ ಆಸನದ ಮುಂದೆ ಮುಗಿಯಬೇಕೆಂದು ಏರ್ಪಾಟಾದುದರಿಂದ ಅಷ್ಟಾಯಿತು. ಓಡುವವರ ದೂರವನ್ನು ಅಂದು ನಿಶ್ಚಯಿಸಿದ್ದು ಕುಳಿತವರ ಕುರ್ಚಿ. ಆ ದಿನ ಮೊದಲಿಗನಾಗಿ ಒಳಬಂದ ಇಟಲಿಯ ಡೊರಾಂಡೊ ಪಿಯೆತ್ರಿ ದಿಕ್ಕುತಪ್ಪಿ, ಮತ್ತೆ ಮತ್ತೆ ಬಿದ್ದು, ಅಧಿಕಾರಿಗಳು ಕೈಹಿಡಿದು ಎಬ್ಬಿಸಿದ ಅಪರಾಧಕ್ಕಾಗಿ ಗೆಲುವನ್ನು ಕಳೆದುಕೊಂಡನು. ರಾಣಿ ಅಲೆಕ್ಸಾಂಡ್ರಾ ಅವನಿಗೊಂದು ಬಟ್ಟಲನ್ನು ಕೊಟ್ಟಳು. ಇದಕ್ಕೆ ನಾಲ್ಕು ವರ್ಷ ಹಿಂದೆ ಸೇಂಟ್ ಲೂಯಿಸಿನಲ್ಲಿ ಗೆದ್ದ ಥಾಮಸ್ ಹಿಕ್ಸನನ್ನು ದಾರಿಯುದ್ದಕ್ಕೂ ಸ್ಟ್ರಿಕ್ನಿನ್ ವಿಷ, ಮೊಟ್ಟೆಯ ಬಿಳಿ ಮತ್ತು ಬ್ರಾಂದಿಗಳನ್ನು ಕೊಟ್ಟು ನಡೆಸಿಕೊಂಡು ಬಂದಿದ್ದರು. ನೀರು ಕುಡಿಯದೆ ಓಡಿದರೆ ಒಂದು ರೋಗ. ಮಿತಿಮೀರಿ ಕುಡಿದು ಓಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ಮಿದುಳೇ ಊದಿಕೊಳ್ಳುವ ಇನ್ನೊಂದು ರೋಗ. 1912ರಲ್ಲಿ ಸ್ಟಾಕ್‌ಹೋಮಿನ ಉರಿಬಿಸಿಲಿನಲ್ಲಿ ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಾಝರೊ ಬಿಸಿಲು ಸುಡದಂತೆ ಮೈಗೆ ಜಿಡ್ಡು ಬಳಿದುಕೊಂಡು ಓಡಿ, ಬೆವರು ಹೊರಬರಲಾಗದೆ ಕುಸಿದು, ಮರುದಿನ ತೀರಿಕೊಂಡನು. ಈ ಒಂದು ಸಾವಿನ ಮುಂದೆ ಅಣಕಕ್ಕೂ ಮಾತು ಹೊರಡುವುದಿಲ್ಲ.

ಅದೇ ದಿನ, ಅದೇ ಓಟದಲ್ಲಿ, ಜಪಾನಿನ ಶಿಝೊ ಕನಕುರಿ ನಡುದಾರಿಯಲ್ಲಿ ಬಿಸಿಲಿಗೆ ಬಳಲಿ, ಹತ್ತಿರದ ತೋಟವೊಂದರಲ್ಲಿ ಕುಳಿತಿದ್ದ ಕುಟುಂಬದವರಲ್ಲಿ ಹೋಗಿ ಹಣ್ಣಿನ ಪಾನಕ ಕುಡಿದು, ವಿಶ್ರಮಿಸಿ, ಯಾರಿಗೂ ಹೇಳದೆ ಊರಿಗೆ ಹೊರಟುಹೋದನು. ಸ್ವೀಡನ್ನಿನವರು ಅವನನ್ನು ಕಾಣೆಯಾದವನೆಂದೇ ಎಣಿಸಿದ್ದರು. 1967ರಲ್ಲಿ ಅವನನ್ನು ಮತ್ತೆ ಕರೆಸಿ ಓಟವನ್ನು ಮುಗಿಸಲು ಕೇಳಿಕೊಂಡಾಗ, ಎಪ್ಪತ್ತೈದು ದಾಟಿದ ಆತನು ಅಂತಿಮ ರೇಖೆಯನ್ನು ಮುಟ್ಟಿದನು. ದಾಖಲಾದ ಕಾಲ 54 ವರ್ಷ, 8 ತಿಂಗಳು, 6 ದಿನ ಮತ್ತು ಚಿಲ್ಲರೆ ಗಂಟೆಗಳು. ಈ ನಡುವೆ ಮದುವೆಯಾಗಿ, ಆರು ಮಕ್ಕಳನ್ನೂ ಹತ್ತು ಮೊಮ್ಮಕ್ಕಳನ್ನೂ ಪಡೆದು, ಅನಂತರವೂ 1983ರವರೆಗೆ ಸುಖವಾಗಿ ಬಾಳಿದನು. ಅಂದಿನ ಓಟದ ದೂರ 40.2 ಕಿಲೋಮೀಟರ್ ಆಗಿದ್ದುದರಿಂದ, ಆತನ ವೇಗ ದಿನಕ್ಕೆ ಸುಮಾರು ಎರಡು ಮೀಟರ್ ಆಗುತ್ತದೆ. ಪಕ್ಕೆ ಹಿಡಿಯದ, ಸ್ನಾಯು ಹರಿಯದ, ಮೂತ್ರ ಕಪ್ಪಾಗದ, ಮುಖ ವಿಕಾರಗೊಳ್ಳದ ವೇಗ ಇದೊಂದೇ ಎಂದು ನಮ್ಮ ಶಾಸ್ತ್ರದ ನಿರ್ಣಯ.

ಈ ನಿರ್ಣಯದ ಮೇಲೆ ಆಕ್ಷೇಪಣೆಯುಳ್ಳ ವಾಚಕರು ಗ್ರಂಥಕರ್ತನನ್ನು ಅವನ ಜಗಲಿಯ ಮೇಲೆ ಯಾವಾಗ ಬೇಕಾದರೂ ಕಾಣಬಹುದು. ನಡೆದು ಬಂದವರ ವಾದವನ್ನು ಕೂಡಲೇ ಕೇಳಲಾಗುವುದು. ಓಡಿ ಬಂದವರು ಉಸಿರು ನೆಲೆಗೊಳ್ಳುವವರೆಗೆ ಪಕ್ಕದಲ್ಲಿ ಕುಳಿತಿರತಕ್ಕದ್ದು. ಕುಳಿತ ಮೇಲೂ ಆಕ್ಷೇಪಣೆ ಉಳಿದಿದ್ದರೆ ದಯವಿಟ್ಟು ಹೇಳಬಹುದು.